ಹುಳಿ ಕುಡಿದ ಧೋತರ

ಪುರಾಣ ಮುಗಿದು, ಆರತಿಯ ತಟ್ಟೆ ಇನ್ನೂ ಅರ್ಧ ಮಂದಿಯನ್ನು ಮುಟ್ಟಿರಲಿಲ್ಲ. ಅಷ್ಟರಲ್ಲಿ ಹುನ್ನೂರಿನ ಬಸಗೊಂಡಪ್ಪ ಸಾವ್ಕಾರ ರಬಕವಿಯ ಮಠದ ಅಂಗಳಕ್ಕೆ ಬಂದ. ಚಪ್ಪಲಿ ಬಿಟ್ಟನೋ ಇಲ್ಲವೋ, ಬಗಲಲ್ಲಿದ್ದ ಗಂಟನ್ನು ಬಿಚ್ಚಿ ಎಲ್ಲರ ನಡುವೆ ಒಗೆದ. ಬಿದ್ದದ್ದು ಒಂದು ಬಿಳಿ ಧೋತರ, ಕೆಂಪು ರೇಷ್ಮೆಯ ದಡಿಯದು. ಬಿದ್ದ ಪೆಟ್ಟಿಗೇ ಅದರ ಒಂದು ತುಂಡು ಕಳಚಿ, ಹಪ್ಪಳದ ಚೂರಿನ ಹಾಗೆ ಆಚೆ ಸರಿಯಿತು.

"ನೋಡ್ರೆಪಾ, ನಿಮ್ಮೂರ ನೇಕಾರನ ಕೈಗುಣ! ಸಂಕ್ರಾಂತಿಗೆ ಹೊಳಿ ಸ್ನಾನ ಮಾಡಿ ಇದನ್ನ ಉಟಗೊಂಡು ಗುಡಿಗೆ ಹೋದೆ. ಅಡ್ಡಬಿದ್ದು ಏಳತೇನಿ, ಧೋತರ ನೆಲದ ಮ್ಯಾಲ, ನಾ ಚಡ್ಡಿ ಮ್ಯಾಲ! ಪೂಜಾರಿ ಗಂಟಿ ಬಾರಿಸೂದು ಬಿಟ್ಟು ನಕ್ಕ."

ಮಠದಲ್ಲೂ ಯಾರೋ ನಕ್ಕರು. ಆ ನಗುವಿಗೆ ಸಾವ್ಕಾರನ ಮುಖ ಇನ್ನಷ್ಟು ಕೆಂಪಾಯಿತು.

"ನಗ್ರಿ, ನಗ್ರಿ. ನೇಯ್ದಾವ ಅಲ್ಲಿ ಕಂಬಕ್ಕ ಬೆನ್ನ ಹಚ್ಚಿ ಕುಂತಾನ ನೋಡ್ರಿ. ಕೈಮಗ್ಗದ್ದು, ಅಸಲಿ ಹತ್ತಿ ಅಂತ ಹೇಳಿ ಕೊಳತ ನೂಲು ತುಂಬ್ಯಾನ. ಇದರಾಗ ನನ್ನ ಹೆಣಾ ಸುತ್ತಾಕೂ ಬರಂಗಿಲ್ಲ!"

ಎಲ್ಲ ಕಣ್ಣುಗಳೂ ಕಂಬದ ಕಡೆ ತಿರುಗಿದವು. ಶಿದ್ರಾಮಪ್ಪ ಪ್ರತಿ ಸೋಮವಾರ ಆ ಕಂಬದ ಬುಡದಲ್ಲೇ ಕೂಡುವವನು. ಅವನಪ್ಪನೂ ಅಲ್ಲೇ ಕೂತು ಕೇಳಿದವನು. ಓದುವವರು ಒಂದು ಪದ್ಯದ ಮೊದಲ ಸಾಲು ಎತ್ತಿದರೆ ಸಾಕು, ಎರಡನೆಯದು ಅವನ ಎದೆಯಲ್ಲಿ ತಾನಾಗಿ ಮೂಡುತ್ತಿತ್ತು. ಕೇಳಿ ಕೇಳಿ ಬೆಳೆದ ಜೀವ, ಮಾತಾಡಿ ಬೆಳೆದದ್ದಲ್ಲ. ಬೇಕಾದ ಹೊತ್ತಿಗೆ ಅವನ ಬಾಯಲ್ಲಿ ಬಂದದ್ದು ಒಂದೇ ಮಾತು:

"ಸಾವ್ಕಾರ್ರ, ಅದು ಜೋಡಿ ಧೋತರ. ಒಂದ ಹಾಸಿನ್ಯಾಗ ನೇಯ್ದು ಕೊಯ್ದದ್ದು. ಇನ್ನೊಂದು ಎಲ್ಲೈತ್ರಿ?"

"ಒಂದರ ಗತಿ ಹಿಂಗಾದ ಮ್ಯಾಲ ಇನ್ನೊಂದನ್ನ ನೋಡೂದೇನೈತಿ? ಅದನ್ನ ಉಟ್ಟು ಮತ್ತೊಂದ ಸಲ ಚಡ್ಡಿ ತೋರಸ್ಲೇನು?"

ಮತ್ತೆ ನಗು. ಸಾವ್ಕಾರ ಬಂದ ಹಾಗೇ ಹೋದ. ಗಾಡಿ ಶುರುವಾದ ಸದ್ದು, ಆಮೇಲೆ ದೂಳು.

ಪ್ರತಿ ಶಿವರಾತ್ರಿಗೆ ಮಠದ ಗದ್ದುಗೆಯ ಮೇಲಿನ ಹೊದಿಕೆಯನ್ನು ಬದಲಿಸುತ್ತಾರೆ. ಜೋಡಿಸಿದ ಹೊಲಿಗೆ ಇರಬಾರದು, ಗಂಟು ಇರಬಾರದು, ಒಂದೇ ಹಾಸಿನದಾಗಿರಬೇಕು. ಅದನ್ನು ನೇಯುವ ಸೇವೆ ಶಿದ್ರಾಮಪ್ಪನ ಮನೆತನದ್ದು. ಅದಕ್ಕೆ ಕೂಲಿ ಇಲ್ಲ, ಕೇಳಿದವರೂ ಇಲ್ಲ. ಊರ ತುಂಬ ಪವರ್ ಲೂಮಿನ ಗದ್ದಲ ಎದ್ದ ಮೇಲೂ ಅವನು ತಗ್ಗಿನಲ್ಲಿ ಕೂತು ನೇಯುವ ಕುಣಿಮಗ್ಗದಿಂದ ಕಾಲು ಮೇಲೆತ್ತದೆ ಇದ್ದದ್ದಕ್ಕೆ ಆ ಸೇವೆಯೇ ಕಾರಣ.

ಮಠದ ಹಿರಿಯ ಶಿವಯೋಗೆಪ್ಪ ಗಂಟಲು ಸರಿಮಾಡಿಕೊಂಡ. "ನೋಡ ಶಿದ್ರಾಮಪ್ಪ, ಸಿಟ್ಟ ಮಾಡ್ಕೋಬ್ಯಾಡ. ಈ ವರ್ಷ ಗದ್ದಿಗಿ ಅರಿವಿ ಬ್ಯಾರೆ ಕಡೆಯಿಂದ ತರೂಣು. ನಾಳೆ ಅಲ್ಲಿ ಹರದ್ರ ಊರಿಗೇ ಛಲೋ ಅಲ್ಲ. ಹೊಟ್ಟಿಗೆ ಹಾಕ್ಕೋ."

ಹೊಟ್ಟೆಗೆ ಹಾಕಿಕೊಳ್ಳಬೇಕಂತೆ! ಇಷ್ಟು ವರ್ಷ ಇವನು ನೇಯ್ದ ಅರಿವೆಗೆ ಹಣೆ ಹಚ್ಚಿದವರು ಅಲ್ಲಿ ಕೂತಿದ್ದರು. ಅವರಲ್ಲಿ ಒಬ್ಬನಾದರೂ "ಇನ್ನೊಂದನ್ನೂ ತರಸ್ರಿ, ನೋಡೂಣು" ಎಂದನೇ? ಗಾಡಿಯಲ್ಲಿ ಬಂದವನ ಮಾತು ಭಾರ, ನಡೆದು ಬಂದವನ ಮಾತು ಹಗುರ. ಶಿದ್ರಾಮಪ್ಪ ಎದ್ದ, ಧೋತರದ ತುಂಡುಗಳನ್ನು ಒಂದೊಂದಾಗಿ ಆರಿಸಿ ಟಾವೆಲ್ಲಿನಲ್ಲಿ ಕಟ್ಟಿಕೊಂಡ, ಪ್ರಸಾದ ಮುಟ್ಟದೆ ಹೊರಗೆ ನಡೆದ.

ಮನೆಯಲ್ಲಿ ಗದ್ದುಗೆಯ ಹಾಸು ಆಗಲೇ ಮಗ್ಗಕ್ಕೆ ಹೂಡಿಯಾಗಿತ್ತು. ಬಿಗಿದ ಎಳೆಗಳ ಮೇಲೆ ಕೈ ಆಡಿಸಿದರೆ ಏಕತಾರಿಯ ಹಾಗೆ ಮಿಡಿಯುವ ಹಾಸು. ಅವನು ಅದಕ್ಕೆ ಬೆನ್ನು ಮಾಡಿದ. ಗಂಟು ಬಿಚ್ಚಿ ಕೂತ.

ವಿಚಿತ್ರ ಅರಿವೆ. ದಡಿಯ ರೇಷ್ಮೆ ಕಲ್ಲಿನ ಹಾಗಿದೆ, ಎಷ್ಟು ಜಗ್ಗಿದರೂ ಜಪ್ಪೆನ್ನುವುದಿಲ್ಲ. ನಡುವಿನ ಹತ್ತಿ ಮಾತ್ರ ಉಗುರು ತಾಗಿದರೆ ಪುಡಿ. ನೂಲೇ ಕೊಳೆತದ್ದಾದರೆ ಎಳೆಯ ಉದ್ದಕ್ಕೂ ಹರಿಯಬೇಕು. ಇದು ಹಾಗಲ್ಲ. ಇಲ್ಲೊಂದು ಮಚ್ಚೆ, ಅಲ್ಲೊಂದು ಮಚ್ಚೆ. ಮಚ್ಚೆ ಇದ್ದಲ್ಲೆಲ್ಲ ಉದ್ದದ ಹಾಸೂ ಸತ್ತಿದೆ, ಅಡ್ಡದ ಹೊಕ್ಕೂ ಸತ್ತಿದೆ.

ಹೆಂಡತಿ ನೀಲವ್ವ ಪಕ್ಕಕ್ಕೆ ಬಂದಳು. "ಯಾರರೆ ಆಸಿಡ್ ಹಾಕ್ಯಾರೇನ್ರಿ?"

"ಸಾವ್ಕಾರನ ಟ್ರಂಕಿನ್ಯಾಗ ಹೊಕ್ಕು ಯಾರ ಹಾಕ್ತಾರ?"

"ಹಂಗಾದ್ರ ಕೈ ತೊಳಕೊಂಡು ಉಣ್ಣಾಕ ಏಳ್ರಿ. ಸಿಟ್ಟ ಉಂಡ್ರ ಹೊಟ್ಟಿ ತುಂಬತೈತೇನು?"

ಅವನು ಏಳಲಿಲ್ಲ. ಮಚ್ಚೆಯ ಒಂದು ಎಳೆಯನ್ನು ನಾಲಗೆಗೆ ತಾಗಿಸಿದ. ಹುಳಿ! ಚುರ್ರೆನ್ನುವ ಹುಳಿ. ಮಡಿಕೆಯ ಸಂದಿಯಲ್ಲಿ ಒಣಗಿದ ಎಲೆಯ ಚೂರೊಂದು ನೂಲಿಗೆ ಕಚ್ಚಿಕೊಂಡಿತ್ತು, ಅಂಚಿಗೆ ಗರಗಸದ ಹಲ್ಲಿನಂಥ ಹಲ್ಲು. ಅದನ್ನು ಬಿಡಿಸದೆ ಹಾಗೇ ಮಡಚಿದ.

ಮರುದಿನ ಜಮಖಂಡಿಯ ಬಸ್ಸು ಹತ್ತಿದ. ತಮ್ಮನ ಮಗಳು ಕಾವ್ಯ ಅಲ್ಲಿಯ ಕಾಲೇಜೊಂದರಲ್ಲಿ ಗಿಡಮರಗಳ ಪಾಠ ಹೇಳುತ್ತಾಳೆ. ದೊಡ್ಡಪ್ಪ ಧೋತರದ ಗಂಟು ಹೊತ್ತು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತದ್ದು ಕಂಡು ಅವಳು ಗಾಬರಿಯಾದಳು. ಕಥೆ ಪೂರ್ತಿ ಕೇಳಿದ ಮೇಲೆ ಇನ್ನೂ ಗಾಬರಿಯಾದಳು.

"ಅಲ್ರಿ ದೊಡ್ಡಪ್ಪ, ಆಸಿಡ್ಡೋ ಏನೋ ಗೊತ್ತಿಲ್ಲದ ಅದನ್ನ ನೆಕ್ಕಿದ್ರಿ? ಕಂಡದ್ದೆಲ್ಲಾ ನೆಕ್ಕಾಕ ನೀವೇನ ಕರುವೇನ್ರಿ?"

"ನೆಕ್ಕದಿದ್ರ ಹುಳಿ ಐತಿ ಅಂತ ಹ್ಯಾಂಗ ತಿಳೀತಿತ್ತವ್ವಾ?"

ಅವಳು ಮಚ್ಚೆಯನ್ನು ಒದ್ದೆ ಮಾಡಿ ನೀಲಿ ಕಾಗದದ ಪಟ್ಟಿಯೊಂದನ್ನು ಒತ್ತಿದಳು. ಪಟ್ಟಿ ಕೆಂಪಾಯಿತು. ಎಲೆಯ ಚೂರನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ಇಣುಕಿದವಳು ತಲೆ ಎತ್ತದೆ ಕೇಳಿದಳು: "ದೊಡ್ಡಪ್ಪ, ಸಾವ್ಕಾರ್ರ ಹೊಲದಾಗ ಈ ವರ್ಷ ಕಡ್ಲಿ ಐತೇನು?"

"ಎರಿ ಹೊಲ, ಹಿಂಗಾರಿ. ಕಡ್ಲಿ ಇಲ್ಲದ ಇರತೈತೇನು?"

ಕಾವ್ಯ ಬಸ್ ನಿಲ್ದಾಣದ ಹತ್ತಿರ ಹೋಗಿ, ಹಸಿ ಕಡ್ಲಿ ಮಾರುವ ಅಜ್ಜಿಯಿಂದ ಒಂದು ಸಿವುಡು ತಂದಳು. ಕಾಯಿಗಳನ್ನು ಬಿಡಿಸಿ ದೊಡ್ಡಪ್ಪನ ಕೈಗೆ ಹಾಕಿ, ಒಂದು ಎಳೆ ಎಲೆಯನ್ನು ಕಿತ್ತು ಗಾಜಿನ ಮೇಲಿಟ್ಟಳು. "ಈಗ ನೋಡ್ರಿ. ಒಂದ ಕಣ್ಣ ಮುಚ್ರಿ. ಆ ಕಣ್ಣಲ್ರೀ!"

ಮೊದಲು ಕಂಡದ್ದು ಬರೀ ಬೆಳಕು. ಆಮೇಲೆ ಹಸಿರಿನ ಒಂದು ದಂಡೆ. ದಂಡೆಯ ತುಂಬ ಕೂದಲು! ಬರಿಗಣ್ಣಿಗೆ ನುಣ್ಣಗೆ ಕಾಣುವ ಎಲೆಯ ಮೇಲೆ ಜೋಳದ ಹೊಲವೇ ನಿಂತ ಹಾಗಿತ್ತು. ಕೆಲವು ಕೂದಲು ಸೂಜಿಯ ಹಾಗೆ ಚೂಪಾಗಿ, ಬರಿದಾಗಿದ್ದವು. ಉಳಿದವಕ್ಕೆ ತೆಳ್ಳನೆಯ ಕಾಲು, ಕಾಲಿನ ತುದಿಗೆ ದುಂಡನೆಯ ತಲೆ, ತಲೆಯ ಮೇಲೆ ಫಳಫಳ ಹೊಳೆಯುವ ಒಂದೊಂದು ಹನಿ. ಕುಂಭ ಹೊತ್ತ ಮುತ್ತೈದೆಯರು ಸಾಲುಗಟ್ಟಿ ನಿಂತ ಹಾಗೆ, ಒಬ್ಬಳೂ ಅಲುಗದ ಹಾಗೆ, ಒಂದು ಹನಿಯೂ ತುಳುಕದ ಹಾಗೆ.

ಅವನ ಬಾಯಿಂದ ತಾನಾಗಿ "ಶಿವಶಿವಾ" ಎಂದು ಬಂತು.

"ಆ ಕಾಲು ಐತಲ್ರಿ," ಕಾವ್ಯ ಹೇಳಿದಳು, "ಅದು ಒಂದ ಜೀವಕೋಶದ ಮ್ಯಾಲ ಇನ್ನೊಂದು, ಗಡಿಗಿ ಮ್ಯಾಲ ಗಡಿಗಿ ಇಟ್ಟಂಗ ಕಟ್ಟಿದ್ದು. ತುದಿಗಿರೂ ತಲಿ ಕೋಶಗಳ ಗುಂಪು. ಹುಳಿ ತಯಾರಾಗೂದು ಅಲ್ಲೇ. ತಲಿ ಮ್ಯಾಲ ಹಾಲಿನ ಕೆನಿಯಷ್ಟು ತೆಳು ಪೊರಿ ಇರತೈತಿ. ಹುಳಿ ಅದರ ತಳಗ ಕೂಡತೈತಿ, ಪೊರಿ ಉಬ್ಬತೈತಿ, ಆಮ್ಯಾಲ ಹೊರಗ ಜಿನಗತೈತಿ. ನಸಿಕಿನ ಇಬ್ಬನಿ ಅದಕ್ಕ ಕೂಡ್ತು ಅಂದ್ರ, ಅದ ನೋಡ್ರಿ ನಮ್ಮ ಕಡ್ಲಿ ಹುಳಿ."

"ಇಷ್ಟೆಲ್ಲಾ ಯಾತಕ್ಕ ಅದಕ್ಕ?"

"ಕಾಯಿ ಕೊರೆಯೂ ಹುಳಾ ಬರಬಾರದು ಅಂತ. ಹುಳಕ್ಕ ಆ ಹುಳಿ ಆಗಿ ಬರಂಗಿಲ್ಲ."

"ನನ್ನ ಧೋತರೇನ ಹುಳಾ ಆಗಿತ್ತೇನವ್ವಾ ಇದಕ್ಕ?"

ಕಾವ್ಯಳಿಗೆ ನಗು ಬಂತು, ದೊಡ್ಡಪ್ಪನ ಮುಖ ನೋಡಿ ನುಂಗಿದಳು. "ಗಿಡದ ಮ್ಯಾಲ ಯಾಕ ಸಿಟ್ಟ ಮಾಡ್ತೀರಿ? ಅರಿವಿ ಹಾಸಿದ್ದು ಗಿಡ ಅಲ್ಲಲ್ಲ. ಹಸಿ ಇದ್ದಾಗ ಆ ಹುಳಿ ನೂಲಿಗೆ ಏನೂ ಮಾಡಂಗಿಲ್ಲ. ಒಣಗಿದಂಗ ನೀರು ಹೋಗತೈತಿ, ಹುಳಿ ಉಳಿತೈತಿ. ತೊಳೀದ ಮಡಚಿ ಇಟ್ರ ಅಲ್ಲೇ ಕುಂತು ಹತ್ತಿ ತಿಂತೈತಿ. ರೇಷ್ಮಿ ತಡಕೋತೈತಿ, ಹತ್ತಿಗೆ ಆಗಂಗಿಲ್ಲ. ನಿಮ್ಮ ನೂಲಿಂದು ಏನೂ ತಪ್ಪಿಲ್ಲ."

ಕಡ್ಲಿ ಹುಳಿ ಯಾರಿಗೆ ಗೊತ್ತಿಲ್ಲ? ಸಣ್ಣವನಿದ್ದಾಗ ಹೊಟ್ಟೆ ನೊಂದರೆ ಅವನವ್ವ ಒಣಗಿದ ಅರಿವೆಯ ಮೂಲೆಯೊಂದನ್ನು ಬಟ್ಟಲ ನೀರಿನಲ್ಲಿ ಅದ್ದಿ, ಹಿಂಡಿ, ಮೂಗು ಹಿಡಿದು ಕುಡಿಸುತ್ತಿದ್ದಳು. ಹೊಲದವರು ಮಾರ್ಗಶಿರದ ಮುಂಜಾವಿನಲ್ಲಿ ಕಡ್ಲಿಯ ಮೇಲೆ ಅರಿವೆ ಹಾಸಿ ಹಿಡಿದ ಹುಳಿ. ವರ್ಷವೆಲ್ಲ ಬೇಕೆಂದು ತೊಳೆಯದೆ ಒಣಗಿಸಿಡುವುದೇ ಪದ್ಧತಿ. ಹಾಸುತ್ತಿದ್ದದ್ದು ಹಳೆಯ ಅರಿವೆ. ಅದು ಹರಿದರೆ ಹಳೆಯದು, ಹರಿಯಿತು ಎನ್ನುತ್ತಿದ್ದರು. ಹುಳಿ ನೂಲು ತಿನ್ನುತ್ತದೆ ಎಂಬ ಮಾತು ಹೊಲದವರಿಗೂ ಹೊಳೆದಿರಲಿಲ್ಲ, ಹುಟ್ಟಿದಾರಭ್ಯ ನೂಲು ಹಿಡಿದ ತನಗೂ ಹೊಳೆದಿರಲಿಲ್ಲ.

ಹೊಳೆದಿರಲಿಲ್ಲ, ಸರಿ. ಆದರೆ ಹುಳಿ ಹಿಡಿದದ್ದು ಸಾವ್ಕಾರನ ಮನೆ, ಕುಡಿದದ್ದೂ ಅವನ ಮನೆ, ಕೊಳೆತ ನೂಲಿನವನು ಎನಿಸಿಕೊಂಡದ್ದು ಮಾತ್ರ ಶಿದ್ರಾಮಪ್ಪನ ಮನೆ! ಅವನು ಅಂಗೈಯ ಕಡ್ಲಿಕಾಯಿಗಳನ್ನು ಮೇಜಿನ ಮೇಲೆ ಸುರಿದು, ಗಂಟು ಕಟ್ಟಿ, ಅಲ್ಲಿಂದಲೇ ಹುನ್ನೂರಿನ ದಾರಿ ಹಿಡಿದ.

ಸಾವ್ಕಾರ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. "ಬಾ ಶಿದ್ರಾಮಪ್ಪ. ಬದಲಿ ಧೋತರ ತಂದಿಯೇನು?"

"ಬದಲಿ ತಂದಿಲ್ರಿ. ಇನ್ನೊಂದನ್ನ ನೋಡಾಕ ಬಂದೇನಿ. ಅದರಕಿಂತ ಮೊದಲ ಒಂದ ಮಾತ ಹೇಳ್ರಿ. ಈ ಧೋತರಾನ ಕಡ್ಲಿ ಹೊಲದಾಗ ಯಾರ ಹಾಸಿದ್ರು?"

"ತಲಿ ಕೆಟ್ಟೈತೇನು ನಿನಗ? ಪೂಜಿ ಧೋತರ ಹೊಲದಾಗ ಯಾರ ಹಾಸ್ತಾರ?"

"ನಾನ ಹಾಸೇನಿ," ಎಂದು ಒಳಗಿನಿಂದ ದನಿ ಬಂತು.

ಸಾವ್ಕಾರನ ತಾಯಿ ಶಿವಗಂಗವ್ವ. ಹಣೆ ತುಂಬ ವಿಭೂತಿ, ಬಾಗಿದ ಬೆನ್ನು, ಆದರೆ ದನಿ ಬಾಗಿರಲಿಲ್ಲ. ಹೊಸ್ತಿಲ ಹತ್ತಿರ ಬಂದು, ಧೋತರದ ತುಂಡನ್ನು ಕೈಗೆ ತೆಗೆದುಕೊಂಡು, ಕಣ್ಣ ಹತ್ತಿರ ಹಿಡಿದು ನೋಡಿದಳು.

"ಮೊದಲೆಲ್ಲಾ ಹಳೇ ಧೋತರ ಹಾಸ್ತಿದ್ನಿ ತಮ್ಮಾ. ಈಗ ಈ ಮನ್ಯಾಗ ಹಳೇ ಹತ್ತಿ ಅರಿವಿ ಎಲ್ಲೈತಿ? ಎಲ್ಲಾ ಪಾಲಿಸ್ಟರ. ಹಾಸಿದ್ರ ಹನಿ ಕುಡಿಯಂಗಿಲ್ಲ, ಮ್ಯಾಲ ಮ್ಯಾಲ ಉಳ್ಳಾಡತಾವ. ಸೋತು ಸುಣ್ಣಾಗಿ ನಿನ್ನ ಜೋಡ್ಯಾಗಿನ ಒಂದು ತಗದ್ನಿ. ಅದು ಹ್ಯಾಂಗ ಕುಡೀತು ಅಂತೀ! ಕರು ಮಲಿ ಕುಡದಂಗ. ದಿನಾ ನಸಿಕಿನ್ಯಾಗ ಹಾಸೂದು, ಒಣಗಸೂದು, ಮತ್ತ ಹಾಸೂದು. ತೊಳದ್ರ ಹುಳಿ ಹೋಗತೈತಲ್ಲ, ಹಂಗ ಮಡಚಿ ಟ್ರಂಕಿನ್ಯಾಗ ಇಟ್ನಿ. ಸಂಕ್ರಾಂತಿ ದಿನ ನಾ ಜಗಲಿ ಮುಂದ ಪೂಜಿಗೆ ಕುಂತಾಗ ಇವ ತಾನ ಟ್ರಂಕ್ ತಗದು ಒಯ್ದಾನ. ಹರೀತು ಅಂದ. ಹೊಸಾದು ಯಾಕ ಹರೀತೋ ಅಂತ ನನಗೂ ತಿಳೀಲಿಲ್ಲ."

ಶಿದ್ರಾಮಪ್ಪ ಕಾವ್ಯ ಹೇಳಿದ್ದನ್ನೆಲ್ಲ ಹೇಳಿದ. ಎಲೆಯ ಮೇಲಿನ ಕೂದಲು, ಕೂದಲಿನ ತಲೆ, ತಲೆಯ ಮೇಲಿನ ಹನಿ, ಒಣಗಿದ ಹನಿ ನೂಲನ್ನು ತಿಂದ ಬಗೆ. ಮುದುಕಿ ಪುರಾಣ ಕೇಳಿದಂತೆ ಕೇಳಿದಳು. ಕೊನೆಗೆ, "ಹುಳಕ್ಕ ಇಟ್ಟ ವಿಷಾನ ನಾವ ಕದ್ದಂಗಾತು," ಎಂದಳು. "ಇನ್ನೊಂದು ಛಲೋ ಐತಿ ತಮ್ಮಾ. ಅದಕ್ಕ ಹುಳಿ ಮುಟ್ಟಿಲ್ಲ. ತೋರಸ್ತೇನಿ ಬಾ, ಚಾ ಕುಡಿ."

"ಚಾ ಆಮ್ಯಾಲ ಯವ್ವಾ. ನಿಮ್ಮ ಮಗ ಇದನ್ನ ನಮ್ಮ ಮಠದಾಗ, ಮಂದಿ ನಡುವ ಒಗದು, ನಾ ಕೊಳತ ನೂಲು ತುಂಬೇನಿ ಅಂದು ಬಂದಾರ. ನಮ್ಮ ಮನಿ ಗದ್ದಿಗಿ ಸೇವಾ ಹೋತು."

ಶಿವಗಂಗವ್ವ ಮಗನ ಕಡೆ ನೋಡಿದಳು. "ಹೌದೇನೋ?"

ಸಾವ್ಕಾರ ಎಲೆ ಅಡಿಕೆ ಉಗುಳಿ ಬಂದ. "ಆತು ಬಿಡ ಶಿದ್ರಾಮಪ್ಪ, ಏನೋ ತಿಳೀದ ಆತು. ಜೋಡಿದು ರೊಕ್ಕ ಮತ್ತೊಮ್ಮೆ ಒಯ್ಯಿ. ಮುಗೀತಲ್ಲ?"

"ರೊಕ್ಕ ಯಾರ ಕೇಳ್ಯಾರ್ರಿ? ಎಲ್ಲಿ ಒಗದ್ರಿ, ಅಲ್ಲೇ ಬಂದು ಹೇಳ್ರಿ."

"ಪರ ಊರ ಮಠದಾಗ ನಿಂತು, ನಮ್ಮವ್ವನ ತಪ್ಪು ಅಂತ ಬಾಯಿ ಬಡಕೊಳ್ಳಲೇನು? ನಮ್ಮ ಮನಿತನಾ ಏನಾಗಬೇಕು?"

ಆಗ ಶಿದ್ರಾಮಪ್ಪನ ನಾಲಗೆಯ ಗಂಟು ಬಿಚ್ಚಿತು. ವರ್ಷಾನುಗಟ್ಟಲೆ ಕೇಳಿದ್ದೆಲ್ಲ ಒಳಗೆ ಕಟ್ಟೆ ಕಟ್ಟಿ ನಿಂತಿತ್ತೇನೋ, ಒಡೆದೇ ಬಿಟ್ಟಿತು.

"ಅತ್ತಿ ಒಡದ್ರ ಒಡಕ ಗಡಿಗಿ, ಸೊಸಿ ಒಡದ್ರ ಹೊಸಾ ಗಡಿಗಿ, ಅಲ್ರೀ? ನಿಮ್ಮ ಮನಿತನಾ ಮನಿತನಾ, ನಮ್ಮದೇನು ಚಿಂದಿಯೇನು? ನನ್ನ ಹೆಸರ ಹರಿಯೂಮುಂದ ಇಡೀ ಮಠ ಬೇಕಾಗಿತ್ತು, ಹೊಲಿಯೂಮುಂದ ನಿಮ್ಮ ಕಟ್ಟಿ ಸಾಕೇನು? ನಾ ಕೇಳಿದ್ದು ಒಂದ ಮಾತು: ಇನ್ನೊಂದು ಎಲ್ಲೈತಿ? ಮನಿಗೆ ಬಂದು ನಿಮ್ಮವ್ವನ ಮುಂದ ಇದೊಂದು ಮಾತ ಕೇಳಿದ್ರ ಮುಗದಿತ್ತು. ಕೇಳಲಿಲ್ಲ. ನೇಕಾರಂದು ಯಾವ ದೊಡ್ಡ ಮಾನ ಅಂದ್ಕೊಂಡ್ರಿ. ಆ ಹುಲ್ಲುಕಡ್ಡಿಯಂಥಾ ಕಡ್ಲಿ ಗಿಡ ಸೈತ ತನ್ನ ಕಾಯಿ ಕಾಯಾಕ ಕೂದಲ ಕೂದಲಕ್ಕ ಹುಳಿ ಇಟಗೊಂಡೈತ್ರಿ ಸಾವ್ಕಾರ್ರ. ನಾ ಮನಷಾ. ನನಗ ಇಷ್ಟರೆ ಹುಳಿ ಬ್ಯಾಡೇನು?"

ಒಳಗಿನಿಂದ ಬಂದ ಚಹಾದ ಕಪ್ಪು ಹೊಸ್ತಿಲ ಮೇಲೆ ಹೊಗೆಯಾಡುತ್ತಿತ್ತು. ಅದನ್ನು ದಾಟಿ ಅವನು ನಡೆದ. ನಮ್ಮ ಕಡೆ ಕರೆದು ಕೊಟ್ಟ ಚಹಾ ಬಿಟ್ಟು ಹೋಗುವುದೆಂದರೆ ಬಾಗಿಲಿಗೆ ಮುಳ್ಳು ಬಡಿದು ಹೋದ ಹಾಗೆ.

ಮುಂದಿನ ಸೋಮವಾರ ಮಠಕ್ಕೆ ಬಂದ, ಆದರೆ ಕಂಬದ ಹತ್ತಿರ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತ. ಶಿವಯೋಗೆಪ್ಪ "ಒಳಗ ಬಾರೋ" ಎಂದರೂ ಅಲುಗಲಿಲ್ಲ. ಪುರಾಣದ ಪದ್ಯ ಹೊರಗೂ ಕೇಳುತ್ತಿತ್ತು. ಮೊದಲ ಸಾಲು ಬಂತು, ಎರಡನೆಯದು ಅವನ ಎದೆಯಲ್ಲಿ ಮೂಡಲಿಲ್ಲ. ಹುಳಿ ಕುಡಿದ ನೂಲಿನ ಹಾಗೆ ನಡುವೆಯೇ ತುಂಡಾಯಿತು. ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು. ಸೇವೆ ಕಸಿದದ್ದಲ್ಲದೆ ಕೇಳುವ ಸುಖವನ್ನೂ ಕಸಿದರಲ್ಲ!

ಆರತಿ ಮುಗಿಯುವ ಹೊತ್ತಿಗೆ ಗಾಡಿಯೊಂದು ನಿಂತಿತು. ಮೊದಲು ಕೋಲು ಇಳಿಯಿತು, ಆಮೇಲೆ ಶಿವಗಂಗವ್ವ. ಅವಳ ಹಿಂದೆ, ಬಗಲಲ್ಲಿ ಗಂಟು ಹಿಡಿದು, ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ತಲೆ ಕೆಳಗೆ ಹಾಕಿಕೊಂಡು ಬಸಗೊಂಡಪ್ಪ.

ಮೆಟ್ಟಿಲ ಹತ್ತಿರ ಮುದುಕಿ ನಿಂತಳು. "ಏಳ ತಮ್ಮಾ. ನೀ ಹೊರಗ ಕುಂತ್ರ ನಾ ಒಳಗ ಹೋಗಂಗಿಲ್ಲ."

ಅವನು ಎದ್ದ.

ಒಳಗೆ ಅವಳು ಗದ್ದುಗೆಗೆ ಕೈ ಮುಗಿದು, ಮಂದಿಯ ಕಡೆ ತಿರುಗಿದಳು. "ನಾ ಇವನವ್ವ. ಪೂಜಿ ಧೋತರ ಕಡ್ಲಿ ಮ್ಯಾಲ ಹಾಸಿ ಹುಳಿ ಹಿಡದಾಕಿ ನಾನು, ತೊಳೀದ ಮಡಚಿ ಇಟ್ಟಾಕಿ ನಾನು. ಹುಳಿ ನೂಲು ತಿಂದೈತಿ. ಶಿದ್ರಾಮಪ್ಪನ ಕೈ ತಿಂದಿಲ್ಲ. ತಿಳೀದ ಮಾಡಿದ್ದು ನಂದು. ಕೇಳದ ಆಡಿದ್ದು ಇವಂದು. ನಂದು ನಾ ಹೇಳೇನಿ. ಹೂಂ, ನಿಂದು ಹೇಳು."

ಬಸಗೊಂಡಪ್ಪ ನೆಲ ನೋಡುತ್ತಲೇ, "ತಪ್ಪಾತ್ರಿ," ಎಂದ.

"ಯಾರಿಗೆ ಹೇಳಾಕತ್ತಿ, ಹಾಸಗಲ್ಲಿಗೇನು?"

ಅವನು ತಲೆ ಎತ್ತಿದ. "ತಪ್ಪಾತು ಶಿದ್ರಾಮಪ್ಪ."

"ಈಗ ಗಂಟ ಬಿಚ್ಚು. ಇನ್ನೊಂದು ಎಲ್ಲೈತಿ ಅಂತ ಕೇಳಿದ್ನಂತಲ್ಲ, ತೋರಸು. ಎಳಿ. ಎಲ್ಲಾರ ಕಣ್ಣಮುಂದ ಎಳಿ."

ಧೋತರ ಬಿಚ್ಚಿಕೊಂಡಿತು. ಹೊಸ ಹತ್ತಿಯ ಬಿಳುಪು, ಅದೇ ಕೆಂಪು ದಡಿ. ಸಾವ್ಕಾರ ಎರಡೂ ಕೈಯಿಂದ ಹಿಡಿದು ಸುಮ್ಮನೆ ಒಮ್ಮೆ ಜಗ್ಗಿದ. ಅರಿವೆ ಅಲುಗಲಿಲ್ಲ. ಶಿವಯೋಗೆಪ್ಪ ಮುಂದೆ ಬಂದು ಶಿದ್ರಾಮಪ್ಪನ ಹೆಗಲಿಗೆ ಕೈ ಹಾಕಿದ.

"ಆತಪಾ, ಎಲ್ಲಾರೂ ನೋಡಿದ್ರು. ನಮ್ಮದೂ ತಪ್ಪಾತು. ಗದ್ದಿಗಿ ಅರಿವಿ ನೀನ ನೇಯಿ. ಹಾಸು ಹೂಡೀಯಂತಲ್ಲ, ನಾಳಿಂದನ ಶುರು ಮಾಡು."

ಶಿದ್ರಾಮಪ್ಪ ಆ ಕೈಯನ್ನು ಮೆಲ್ಲಗೆ ಇಳಿಸಿದ. "ತಡೀರಿ ಹಿರ್ಯಾರ. ಇನ್ನೂ ಸಾವ್ಕಾರ್ರು ಎಳ್ಯಾಕತ್ತಾರ. ಒಬ್ಬರಿಗೆ ಆಗೂದಲ್ಲ ಅದು. ನೀವು ಆ ಕಡೆ ಹಿಡೀರಿ."

ಯಾರೂ ನಗಲಿಲ್ಲ. ಶಿವಯೋಗೆಪ್ಪ ಹೋಗಿ ಇನ್ನೊಂದು ತುದಿ ಹಿಡಿದ. ಇಬ್ಬರು ದೊಡ್ಡವರು ಮಠದ ನಟ್ಟನಡುವೆ, ಎದುರುಬದುರಾಗಿ, ಕಾಲು ಊರಿ, ಹಲ್ಲು ಕಚ್ಚಿ ಎಳೆದರು. ಬಿಗಿದ ಧೋತರ ತಬಲಾದ ಡಗ್ಗೆಯ ಮೇಲೆ ಬೆರಳು ಬಿದ್ದ ಹಾಗೆ 'ಧಂ' ಎಂದಿತು.

ಶಿದ್ರಾಮಪ್ಪ ತನ್ನ ಕಂಬದ ಬುಡಕ್ಕೆ ಹೋಗಿ, ಬೆನ್ನು ಹಚ್ಚಿ ಕೂತು, ಕಣ್ಣು ಮುಚ್ಚಿದ.

"ಇನ್ನೊಮ್ಮೆ ಎಳೀರಿ," ಎಂದ. "ಛಲೋತ್ನಂಗ ಕೇಳಸ್ಲಿಲ್ಲ."